ಓಡುವಾಗ ಜೊತೆಗಿರೋ ಮಡಚೋ ಚಾಕುಗೆ ತುಕ್ಕು ಹಿಡೀದಂಗೆ ನೋಡ್ಕೊಳ್ಳೋದು ಹೇಗೆ

ನಮ್ಮ ಚಿಕ್ಕಬಳ್ಳಾಪುರದಲ್ಲಿ ಬೆಳಗ್ಗೆ ಐದೂವರೆಗೆ ರಸ್ತೆಗಿಳಿದ್ರೆ ಓಡೋರು ಒಬ್ರಾದ್ರೂ ಸಿಕ್ಕೇ ಸಿಗ್ತಾರೆ. ಕೆಲವರು ಜಿಲ್ಲಾ ಕ್ರೀಡಾಂಗಣದಲ್ಲೇ ಸುತ್ತು ಹಾಕ್ತಾರೆ, ಕೆಲವರು ಕಂದವಾರ ಕೆರೆ ಏರಿ ಕಡೆ ಹೋಗ್ತಾರೆ, ಕಾಲಲ್ಲಿ ಕಸುವಿರೋರು ಮುದ್ದೇನಹಳ್ಳಿ ಕಡೆಗೋ ನಂದಿ ಬೆಟ್ಟದ ಬುಡಕ್ಕೋ ಹೊರಟುಬಿಡ್ತಾರೆ. ನಾನು ವಾರಕ್ಕೆ ನಾಲ್ಕು ದಿನ ಓಡ್ತೀನಿ, ಸೊಂಟದ ಬೆಲ್ಟಲ್ಲಿ ಒಂದು ಪುಟ್ಟ ಮಡಚೋ ಚಾಕು ಇರತ್ತೆ. ಓಡೋಕೆ ಚಾಕು ಯಾಕಪ್ಪ ಅಂತ ತುಂಬಾ ಜನ ಕೇಳ್ತಾರೆ. ಬೊಬ್ಬೆ ಬಂದ ಕಡೆ ಹಾಕೋ ಟೇಪ್ ಕತ್ತರಿಸೋಕೆ, ಬಿಚ್ಚಕ್ಕಾಗದ ಗಂಟು ಬಿದ್ದ ಲೇಸ್ ಕೊಯ್ಯೋಕೆ, ದಾರೀಲಿ ಕೊಂಡ ಸೀಬೆಹಣ್ಣು ಹೋಳು ಮಾಡ್ಕೊಳೋಕೆ, ಗಾಳಿಪಟದ ದಾರಕ್ಕೆ ಸಿಕ್ಕಾಕೊಂಡ ಹಕ್ಕಿ ಬಿಡಿಸೋಕೆ, ಹೀಗೆ ಕೆಲಸ ಬರ್ತಾನೇ ಇರತ್ತೆ.

ಆದ್ರೆ ಈ ಲೇಖನ ಬರೆಯೋಕೆ ಕಾರಣ ಒಂದು ಡಿಸೆಂಬರ್ ಬೆಳಗ್ಗೆ ನಡೆದಿದ್ದು. ಮಂಜು ಜೋರಾಗಿತ್ತು, ಮುದ್ದೇನಹಳ್ಳಿ ಕಡೆಯಿಂದ ವಾಪಸ್ ಬರ್ತಾ ಇದ್ದೆ. ಮಾರ್ಕೆಟ್ಟಿಗೆ ಸೇವಂತಿಗೆ ಮೂಟೆ ಹೇರ್ಕೊಂಡು ಹೋಗ್ತಿದ್ದ ಒಂದು ಮೊಪೆಡ್ ನನ್ನ ಮುಂದೇನೇ ಗಕ್ಕಂತ ನಿಂತ್ಕೊಳ್ತು. ಹಿಂದೆ ಕೂತಿದ್ದ ಅಕ್ಕನ ಸೆರಗು ಚಕ್ರಕ್ಕೆ ಸುತ್ಕೊಂಡು ಭುಜ ಹಿಂದಕ್ಕೆ ಜಗ್ಗಿಬಿಟ್ಟಿತ್ತು, ಪಾಪ ಅವ್ರು ಅರ್ಧ ಬಾಗ್ಕೊಂಡೇ "ಆಫ್ ಮಾಡ್ರೀ, ಆಫ್ ಮಾಡ್ರೀ" ಅಂತ ಗಂಡನಿಗೆ ಹೇಳ್ತಾ ಇದ್ರು. ನಾನು ಓಡಿಹೋಗಿ ಚಾಕು ತೆಗೆದೆ. ಉಗುರು ಸಿಗಿಸೋ ಗೀರಿಗೆ ಹೆಬ್ಬೆರಳು ಹಾಕಿ ಎಳೀತೀನಿ, ಅಲಗು ಬರ್ತಾನೇ ಇಲ್ಲ. ಇನ್ನೊಂದ್ಸಲ ಎಳೆದೆ, ಉಗುರು ಕಿತ್ತು ಬಂತೇ ಹೊರತು ಅಲಗು ಅಲ್ಲಾಡ್ಲಿಲ್ಲ. ಕೊನೆಗೆ ಆ ಅಣ್ಣಾನೇ ಮೂಟೆ ಸಂದೀಲಿದ್ದ ಕುಡುಗೋಲು ಎಳೆದು ಸೆರಗು ಕೊಯ್ದ್ರು. ಅಕ್ಕ ಸುಧಾರಿಸ್ಕೊಂಡು "ಹೋಗ್ಲಿ ಬಿಡಣ್ಣ, ಸೀರೆ ತಾನೇ" ಅಂದ್ರು. ನನಗೆ ಮಾತ್ರ ಆ ದಿನವೆಲ್ಲಾ ಸಮಾಧಾನ ಇರ್ಲಿಲ್ಲ. ಕುಡುಗೋಲು ಅಲ್ಲಿ ಇಲ್ದೇ ಹೋಗಿದ್ರೆ?

ಮನೇಗೆ ಬಂದು ಬೆಳಕಲ್ಲಿ ನೋಡಿದ್ರೆ ಅಲಗು ಹೊರಗಡೆಯಿಂದ ಫಳಫಳ ಅಂತಿದೆ, ಕೀಲಿನ ಒಳಗಡೆ ಮಾತ್ರ ಕಾಫಿ ಪುಡಿ ತುಂಬಿದ ಹಾಗೆ ತುಕ್ಕು. ನಾನು ಆವತ್ತಿನ ತನಕ ಅಲಗು ಮಾತ್ರ ಒರೆಸ್ತಾ ಇದ್ದೆ, ನೀರು ತಾಗಿಸಿದ್ರೆ ತುಕ್ಕು ಬರತ್ತೆ ಅಂತ ತೊಳೀತಾನೇ ಇರ್ಲಿಲ್ಲ. ಅದೇ ದೊಡ್ಡ ತಪ್ಪು.

ತುಕ್ಕು ಎಲ್ಲಿಂದ ಬರತ್ತೆ

ಕಬ್ಬಿಣ, ನೀರು, ಗಾಳೀಲಿರೋ ಆಮ್ಲಜನಕ, ಈ ಮೂರೂ ಸೇರಿದ್ರೆ ತುಕ್ಕು, ಇದು ಸ್ಕೂಲಲ್ಲೇ ಕಲಿತಿರೋದು. ಓಡೋರ ವಿಷಯದಲ್ಲಿ ಇದಕ್ಕೆ ನಾಲ್ಕನೇದಾಗಿ ಉಪ್ಪು ಸೇರ್ಕೊಳ್ಳತ್ತೆ. ಒಂದು ಲೀಟರ್ ಬೆವರಲ್ಲಿ ಆಳಿಗೆ ತಕ್ಕ ಹಾಗೆ ಸುಮಾರು 1ರಿಂದ 4 ಗ್ರಾಂ ಉಪ್ಪಿರತ್ತೆ, ಒಂದು ಗಂಟೆ ಓಡಿದ್ರೆ ಅರ್ಧ ಲೀಟರಿಂದ ಒಂದೂವರೆ ಲೀಟರ್ ತನಕ ಬೆವರು ಹೋಗೋದು ಮಾಮೂಲು. ಕಪ್ಪು ಟೀಶರ್ಟ್ ಒಣಗಿದ್ಮೇಲೆ ಬೆನ್ನ ಮೇಲೆ ಬಿಳಿ ಗೆರೆ ಮೂಡತ್ತಲ್ಲ, ಅದೇ ಉಪ್ಪು ನಿಮ್ಮ ಚಾಕು ಕೀಲಲ್ಲೂ ಕೂತಿರತ್ತೆ.

"ನಂದು ಸ್ಟೇನ್‌ಲೆಸ್ ಸ್ಟೀಲು, ತುಕ್ಕು ಹಿಡಿಯಲ್ಲ" ಅಂತ ನಾನೂ ಅನ್ಕೊಂಡಿದ್ದೆ. ಸ್ಟೇನ್‌ಲೆಸ್ ಅನ್ನಬೇಕಾದ್ರೆ ಉಕ್ಕಲ್ಲಿ ಕಡೇಪಕ್ಷ 10.5 ಪರ್ಸೆಂಟ್ ಕ್ರೋಮಿಯಂ ಇರಬೇಕು, ಅದು ಗಾಳಿ ಜೊತೆ ಸೇರಿ ಮೇಲೊಂದು ಕಣ್ಣಿಗೆ ಕಾಣದಷ್ಟು ತೆಳು ಪದರ ಕಟ್ಟತ್ತೆ, ಅದೇ ಕಾವಲು. ಬೆವರಿನ ಉಪ್ಪಲ್ಲಿರೋ ಕ್ಲೋರೈಡ್ ಈ ಪದರಾನ ಅಲ್ಲಲ್ಲಿ ಸೂಜಿ ಮೊನೆಯಷ್ಟು ಒಡೆಯತ್ತೆ, ಅಲ್ಲಿಂದ ಒಳಗಡೆ ಗುಳಿ ಬೀಳೋಕೆ ಶುರು ಆಗತ್ತೆ. ಮನೆ ಸ್ಟೀಲ್ ಲೋಟ ವರ್ಷಗಟ್ಟಲೆ ಹಾಗೇ ಇರತ್ತಲ್ಲ ಅಂತ ಕೇಳಬಹುದು. ಒಳ್ಳೆ ಪಾತ್ರೆ ಉಕ್ಕಲ್ಲಿ 18 ಪರ್ಸೆಂಟ್ ಕ್ರೋಮಿಯಂ, 8 ಪರ್ಸೆಂಟ್ ನಿಕ್ಕಲ್ ಇರತ್ತೆ. ಚಾಕುಗೆ ಹರಿತ ನಿಲ್ಲಬೇಕು, ಅದಕ್ಕೆ ಇಂಗಾಲ ಜಾಸ್ತಿ ಹಾಕಿರ್ತಾರೆ, ಕ್ರೋಮಿಯಂ ಸಾಮಾನ್ಯವಾಗಿ 13ರಿಂದ 15 ಪರ್ಸೆಂಟ್, ಅದ್ರಲ್ಲೂ ಒಂದು ಪಾಲು ಇಂಗಾಲದ ಜೊತೆ ಸೇರ್ಕೊಂಡು ಕಾವಲಿಗೆ ಸಿಗಲ್ಲ. ಹಾಗಾಗಿ ಲೋಟಕ್ಕೂ ಚಾಕುಗೂ ಸ್ಟೇನ್‌ಲೆಸ್ ಅನ್ನೋ ಹೆಸರೊಂದೇ, ತಡ್ಕೊಳೋ ಶಕ್ತಿ ಬೇರೆ. ಇನ್ನು ಕೀಲಲ್ಲಿ ಗಾಳಿ ಆಡಲ್ಲ, ಒಡೆದ ಪದರ ಮತ್ತೆ ಕಟ್ಕೊಳೋಕೆ ಅಲ್ಲಿ ಅವಕಾಶ ಕಮ್ಮಿ, ಬೆವರು ಅಲ್ಲೇ ನಿಲ್ಲತ್ತೆ. ತುಕ್ಕು ಮೊದಲು ಕೀಲಲ್ಲಿ ಬರೋದು ಇದಕ್ಕೇ.

ಯಾವ ಚಾಕು ತಗೋಬೇಕು

ಚಿಕ್ಕದು, ಹಗುರದ್ದು, ಎರಡು ಕೈಯಲ್ಲಿ ತೆಗೆಯೋದು. ನನ್ನ ಹತ್ರ ಈಗ ಇರೋದು ವಿಕ್ಟೋರಿನಾಕ್ಸ್ ಕ್ಲಾಸಿಕ್, ಮಡಚಿದ್ರೆ 58 ಮಿಲಿಮೀಟರ್, ತೂಕ ಬರೀ 21 ಗ್ರಾಂ, ಜೊತೆಗೆ ಒಂದು ಪುಟ್ಟ ಕತ್ತರಿ ಮತ್ತೆ ಮುಳ್ಳು ತೆಗೆಯೋ ಚಿಮುಟ ಇರತ್ತೆ. ನಿಜ ಹೇಳ್ಬೇಕಂದ್ರೆ ಅಲಗಿಗಿಂತ ಆ ಕತ್ತರಿ, ಚಿಮುಟಾನೇ ಜಾಸ್ತಿ ಕೆಲಸಕ್ಕೆ ಬಂದಿವೆ, ಜಾಲಿ ಮುಳ್ಳು ಶೂ ದಾಟಿ ಅಂಗಾಲಿಗೆ ಚುಚ್ಚಿದಾಗ ಚಿಮುಟದ ಬೆಲೆ ಗೊತ್ತಾಗತ್ತೆ. 91 ಮಿಲಿಮೀಟರಿನ ದೊಡ್ಡದು 60 ಗ್ರಾಂ ಹತ್ರ ಬರತ್ತೆ, ಅದು ನಡಿಗೆಗೆ ಸರಿ, ಓಟಕ್ಕೆ ಜೇಬಲ್ಲಿ ಕುಣಿಯತ್ತೆ. ಒಪಿನೆಲ್ ಥರ ಮರದ ಹಿಡಿ ಇರೋದು ನೋಡೋಕೆ ಚೆಂದ, ಆದ್ರೆ ಮರ ಬೆವರು ಕುಡಿದು ಉಬ್ಬಿದ್ರೆ ಅಲಗು ಬಿಗಿಯಾಗಿ ಸಿಕ್ಕಾಕೊಳ್ಳತ್ತೆ, ಓಟಕ್ಕೆ ನಾನು ಬೇಡ ಅಂತೀನಿ. ಅದ್ರಲ್ಲಿ ಕಾರ್ಬನ್ ಉಕ್ಕಿನದೂ ಬರತ್ತೆ, ಸ್ಟೇನ್‌ಲೆಸ್ಸೂ ಬರತ್ತೆ, ತಗೊಳೋರು ಅಲಗಿನ ಮೇಲೆ ಏನು ಬರೆದಿದೆ ನೋಡಿ ತಗೊಳ್ಳಿ.

ಕಾರ್ಬನ್ ಉಕ್ಕು ಅಂದ್ರೆ ನಮ್ಮಜ್ಜಿ ಈಳಿಗೆ ಮಣೆ ಇತ್ತಲ್ಲ, ಅದೇ ಜಾತಿ. ಮಾವಿನಕಾಯಿ ಹೆಚ್ಚಿದ ಅರ್ಧ ಗಂಟೇಲಿ ಕಪ್ಪಾಗ್ತಿತ್ತು, ಅಜ್ಜಿ ಕೆಲಸ ಮುಗೀತಿದ್ದಂಗೇ ತೊಳೆದು, ಒರೆಸಿ, ಒಲೆ ಪಕ್ಕ ಬೆಚ್ಚಗಿರೋ ಕಡೆ ಒರಗಿಸೋರು. ಅಷ್ಟು ಕಾಳಜಿ ಮಾಡೋರು ಕಾರ್ಬನ್ ಉಕ್ಕು ಧಾರಾಳವಾಗಿ ಇಟ್ಕೋಬಹುದು, ಹರಿತ ಅಂತೂ ಸೊಗಸು. ಮಾಡಕ್ಕಾಗದೇ ಇರೋರು ಸ್ಟೇನ್‌ಲೆಸ್ಸೇ ತಗೊಳ್ಳಿ.

ಬಟನ್ ಒತ್ತಿದ್ರೆ ಚಟ್ ಅಂತ ತೆರ್ಕೊಳೋ ಸ್ಪ್ರಿಂಗ್ ಚಾಕು ಯಾವ ಕಾರಣಕ್ಕೂ ಬೇಡ. ಓಡುವಾಗ ಬೆಲ್ಟೊಳಗೆ ತಾನಾಗೇ ತೆರ್ಕೊಂಡ್ರೆ ಸೊಂಟಕ್ಕೆ ಪೆಟ್ಟು, ಪೊಲೀಸ್ರು ನೋಡಿದ್ರೆ ಅದು ಬೇರೆ ತಲೆನೋವು. ಕಾನೂನು ವಿಷಯ ಇಷ್ಟು ತಿಳ್ಕೊಂಡಿರಿ. 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರಡಿಯ 2016ರ ನಿಯಮಗಳಲ್ಲಿ ಅಲಗಿಗೆ 9 ಇಂಚು ಉದ್ದ, 2 ಇಂಚು ಅಗಲ ಅನ್ನೋ ಅಳತೆ ಬರತ್ತೆ, ಮನೆಗೆಲಸ, ವ್ಯವಸಾಯದ ಚಾಕುಗಳನ್ನ ಬೇರೆಯಾಗಿ ನೋಡತ್ತೆ. ಒಂದೂವರೆ ಇಂಚಿನ ಅಲಗು ಅದಕ್ಕಿಂತ ಎಷ್ಟೋ ಚಿಕ್ಕದು ನಿಜ, ಆದ್ರೆ ಎಲೆಕ್ಷನ್ ಟೈಮಲ್ಲಿ, ಗಲಾಟೆ ಆಗಿ ನಿಷೇಧಾಜ್ಞೆ ಹಾಕಿದಾಗ (ಹಿಂದೆ 144 ಸೆಕ್ಷನ್ ಅಂತಿದ್ವಲ್ಲ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದ್ರೆ ಬಿಎನ್‌ಎಸ್‌ಎಸ್ 163) ಚಾಕು ಮನೇಲೇ ಬಿಟ್ಟು ಹೋಗಿ. ಯಾರಾದ್ರೂ ಪೊಲೀಸ್ರು ಕೇಳಿದ್ರೆ ನೆಟ್ಟಗೆ ತೋರಿಸಿ ಏನಕ್ಕೆ ಅಂತ ಹೇಳಿ. ಬೇರೆ ಊರಿನ ಮ್ಯಾರಥಾನ್‌ಗೆ ದೇವನಹಳ್ಳಿ ಏರ್‌ಪೋರ್ಟಿಂದ ಹೋಗೋರು ಬೆಲ್ಟನ್ನ ಕೈಬ್ಯಾಗಲ್ಲಿ ಹಾಕೋ ಮುಂಚೆ ಒಂದ್ಸಲ ತಡವಿ ನೋಡಿ, ಅಲಗು ಇರೋದು ಚೆಕ್-ಇನ್ ಲಗೇಜಲ್ಲೇ ಹೋಗಬೇಕು.

ಇನ್ನೊಂದು ಮಾತು, ಇದನ್ನ ಮನಸ್ಸಿಟ್ಟು ಓದಿ. ನಾಯಿ ಓಡಿಸೋಕೆ, ಯಾರಾದ್ರೂ ಹಿಂದೆ ಬಿದ್ರೆ ಹೆದರಿಸೋಕೆ ಅಂತ ಚಾಕು ಇಟ್ಕೋಬೇಡಿ. ಎರಡು ಕೈಯಲ್ಲಿ ತೆಗೆಯೋ ಹೊತ್ತಿಗೆ ನಾಯಿ ಬಂದಾಗಿರತ್ತೆ, ನಿಮ್ಮ ಕೈಯೇ ನೀವು ಕೊಯ್ಕೊಳೋ ಸಾಧ್ಯತೆ ಜಾಸ್ತಿ. ನಾಯಿ ಬಂದ್ರೆ ಓಟ ನಿಲ್ಲಿಸಿ ಸುಮ್ನೆ ನಿಂತ್ಕೊಳ್ಳಿ, ದಿಟ್ಟಿಸಿ ನೋಡಬೇಡಿ, ಅದು ತಣ್ಣಗಾದ್ಮೇಲೆ ನಿಧಾನಕ್ಕೆ ಸರ್ಕೊಳ್ಳಿ. ಕಚ್ಚಿದ್ರೆ ಗಾಯಾನ ಹರಿಯೋ ನೀರು, ಸೋಪಲ್ಲಿ 15 ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್ ಶುರು ಮಾಡ್ಸಿ. ಜನರಿಂದ ಭಯ ಆದ್ರೆ 112ಕ್ಕೆ ಫೋನ್ ಮಾಡಿ. ಕತ್ತಲಲ್ಲಿ ಒಬ್ಬೊಬ್ಬರೇ ಓಡೋ ಹೆಣ್ಮಕ್ಕಳಿಗೂ ನಾನು ಇದನ್ನೇ ಹೇಳೋದು, ಚಾಕು ನಂಬ್ಕೊಂಡು ನಿರ್ಜನ ದಾರಿ ಹಿಡೀಬೇಡಿ, ಜೊತೆ ಹುಡುಕ್ಕೊಳ್ಳಿ.

ಎಲ್ಲಿ ಇಟ್ಕೊಂಡು ಓಡಬೇಕು

ಶಾರ್ಟ್ಸಿನ ಪಕ್ಕದ ಜೇಬು ಬೇಡ, ಹೆಜ್ಜೆ ಹೆಜ್ಜೆಗೂ ತೊಡೆಗೆ ಬಡಿಯತ್ತೆ, ಬಿದ್ದೋದ್ರೂ ಗೊತ್ತಾಗಲ್ಲ. ಶಾರ್ಟ್ಸ್ ಹಿಂದುಗಡೆ ನಡು ಮಧ್ಯ ಒಂದು ಝಿಪ್ ಜೇಬು ಇರತ್ತಲ್ಲ, ಅದು ಅಲ್ಲಾಡಲ್ಲ, ಆದ್ರೆ ಬೆನ್ನ ಬೆವರೆಲ್ಲಾ ಹರಿದು ಬಂದು ಸೇರೋದು ಸರಿಯಾಗಿ ಅಲ್ಲಿಗೇ, ನನ್ನ ಚಾಕು ಹಾಳಾಗಿದ್ದೂ ಅದೇ ಜೇಬಲ್ಲಿ. ಮೇಲಾಗಿ ಅಂಗಾತ ಜಾರಿಬಿದ್ರೆ ಗಟ್ಟಿ ವಸ್ತು ಬೆನ್ನು ಮೂಳೆಗೇ ಒತ್ತತ್ತೆ.

ನನಗೆ ಸರಿ ಹೋಗಿರೋದು ಮೈಗೆ ಅಂಟಿ ಕೂರೋ ಎಲಾಸ್ಟಿಕ್ ಸೊಂಟದ ಬೆಲ್ಟು, ಅದ್ರ ಝಿಪ್ ಪೌಚು ಸೊಂಟದ ಮೂಳೆಯಿಂದ ಸ್ವಲ್ಪ ಮುಂದಕ್ಕೆ ಬರೋ ಹಾಗೆ ಕಟ್ಕೊಳೋದು. ಚಾಕುನ ಮೊದಲು ಒಂದು ಚಿಕ್ಕ ಝಿಪ್‌ಲಾಕ್ ಕವರಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಮುಚ್ಚಿ, ಆಮೇಲೆ ಪೌಚಲ್ಲಿ ಇಡಿ. ಕರ್ಚೀಫಲ್ಲಿ ಸುತ್ತಿ ಇಡೋದು ಒಳ್ಳೇದು ಅನ್ಸತ್ತೆ, ಆದ್ರೆ ಬಟ್ಟೆ ಬೆವರು ಹೀರ್ಕೊಂಡು ಇಡೀ ಹೊತ್ತು ಚಾಕುಗೆ ಒದ್ದೆ ಪಟ್ಟಿ ಹಾಕಿದ ಹಾಗೆ ಆಗತ್ತೆ. ಮನೆ ಬೀಗದ ಕೈ, ಚಿಲ್ರೆ ಕಾಸು ಇದ್ರೆ ಅವನ್ನ ಬೇರೆ ಕಡೆ ಇಡಿ. ಹಿತ್ತಾಳೆ ಮತ್ತೆ ಉಕ್ಕು ಉಪ್ಪುನೀರಲ್ಲಿ ಒಂದಕ್ಕೊಂದು ತಾಗ್ಕೊಂಡಿದ್ರೆ ಬ್ಯಾಟರಿ ಥರ ಕೆಲಸ ಮಾಡತ್ತೆ, ಕಾರ್ಬನ್ ಉಕ್ಕಾದ್ರೆ ನಷ್ಟ ಆಗೋದು ಉಕ್ಕಿಗೇ. ಚಾಕುಗೆ ದಾರ ಕಟ್ಟಿ ಕುತ್ತಿಗೇಲಿ ನೇತಾಕೋಬೇಡಿ, ಕೊಂಬೆಗೋ ಬೇಲಿಗೋ ಸಿಕ್ಕಾಕೊಂಡ್ರೆ ಅಪಾಯ. ತೆರೆದ ಚಾಕು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆನೂ ಓಡಬೇಡಿ.

ಮೊದಲ್ನೇ ದಿನ ಮನೆ ಮುಂದೆ ಇಪ್ಪತ್ತು ಸಲ ಎಗರಿ ನೋಡಿ. ಚಾಕು ಅಲ್ಲಾಡಿದ್ದು ಗೊತ್ತಾದ್ರೆ ಬೆಲ್ಟ್ ಇನ್ನೊಂದು ಹಿಡಿ ಬಿಗಿ ಮಾಡಿ.

ವಾಪಸ್ ಬಂದ್ಮೇಲೆ

ಇದೇ ಮುಖ್ಯ, ಇದನ್ನ ನೀರು ಕುಡಿದು ಉಸಿರು ಸುಧಾರಿಸಿಕೊಂಡ ತಕ್ಷಣ ಮಾಡಿ, ಸ್ನಾನ ಆದ್ಮೇಲೆ ಮಾಡ್ತೀನಿ ಅಂತ ಇಟ್ರೆ ಆಫೀಸಿಗೆ ಹೊರಡೋ ಗಡಿಬಿಡೀಲಿ ಮರ್ತೇ ಹೋಗತ್ತೆ, ಬೆಲ್ಟ್ ಸಮೇತ ವಾಷಿಂಗ್ ಮಿಷಿನ್ ಸೇರೋದೂ ಉಂಟು.

ಕವರಿಂದ ತೆಗೆದು ಅಲಗು, ಕತ್ತರಿ, ಎಲ್ಲಾ ಪೂರ್ತಿ ತೆರೀರಿ. ನಲ್ಲಿ ಕೆಳಗೆ ಹಿಡಿದು ಕೀಲಿನ ಸಂದಿಗೆ ನೀರು ನುಗ್ಗೋ ಹಾಗೆ ಅರ್ಧ ನಿಮಿಷ ಬಿಡಿ, ನೀರು ಬೀಳ್ತಾ ಇದ್ದಂಗೇ ಅಲಗನ್ನ ನಾಲ್ಕೈದು ಸಲ ಅರ್ಧ ಮುಚ್ಚಿ ತೆರೀರಿ. ನೀರು ತಾಗಿದ್ರೆ ತುಕ್ಕು ಅನ್ನೋ ಭಯ ಬಿಟ್ಬಿಡಿ, ಉಪ್ಪು ಹೋಗೋದು ನೀರಿಂದಾನೇ, ಒಣಬಟ್ಟೇಲಿ ಎಷ್ಟು ಒರೆಸಿದ್ರೂ ಸಂದೀಲಿರೋ ಉಪ್ಪು ಅಲ್ಲೇ ಇರತ್ತೆ. ಹಣ್ಣು ಕೊಯ್ದಿದ್ರೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ, ಹಳೇ ಟೂತ್‌ಬ್ರಷಲ್ಲಿ ಉಜ್ಜಿ. ನಮ್ಮ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಗೀಸರ್ ಬಿಚ್ಚಿ ನೋಡಿದೋರಿಗೆ ಗೊತ್ತು, ಆ ನೀರು ಹಾಗೇ ಒಣಗಿದ್ರೆ ಕೀಲಲ್ಲಿ ಬಿಳಿ ಪುಡಿ ಕೂರತ್ತೆ. ಅದಕ್ಕೆ ಕೊನೇಗೆ ಕುಡಿಯೋ ನೀರಿನ ಕ್ಯಾನಿಂದ ಒಂದು ಲೋಟ ತಗೊಂಡು ಮೇಲೆ ಸುರೀರಿ, ಮಳೆಗಾಲದಲ್ಲಿ ಹಿಡಿದಿಟ್ಟ ಮಳೆನೀರಾದ್ರೆ ಇನ್ನೂ ಒಳ್ಳೇದು.

ಆಮೇಲೆ ಜೋರಾಗಿ ಕೊಡವಿ. ಅಲಗಿನ ಬೆನ್ನ ಕಡೆಯಿಂದ ಬಟ್ಟೇಲಿ ಒರೆಸಿ, ಬಾಯಿ ಕಡೆಯಿಂದ ಅಲ್ಲ, ಬೆರಳು ಜೋಪಾನ. ತೆರೆದ ಹಾಗೇ ಫ್ಯಾನ್ ಕೆಳಗೆ, ಮಕ್ಕಳ ಕೈಗೆ ಸಿಗದ ಕಡೆ, ಒಂದರ್ಧ ಗಂಟೆ ಇಡಿ. ಮಂಜು ಮುಸುಕಿರೋ ದಿನ ಗಾಳೀಲೇ ತೇವ ಇರತ್ತೆ, ಅವಾಗ ಹೇರ್ ಡ್ರೈಯರ್ ಬೆಚ್ಚಗಿನ ಗಾಳಿ ಒಂದು ನಿಮಿಷ ಹಿಡಿದ್ರೆ ಸಾಕು. ಗ್ಯಾಸ್ ಉರಿ ಮೇಲೆ ಮಾತ್ರ ಹಿಡೀಬೇಡಿ, ತೆಳು ಬಾಯಿ ಕ್ಷಣದಲ್ಲಿ ಕಾಯತ್ತೆ, ಉಕ್ಕಿನ ಹದ ಹೋಗತ್ತೆ, ಆಮೇಲೆ ಎಷ್ಟು ಸಾಣೆ ಹಿಡಿದ್ರೂ ಹರಿತ ನಿಲ್ಲಲ್ಲ.

ಎಣ್ಣೆ ವಿಷಯಕ್ಕೆ ಬಂದ್ರೆ, ದಿನಾ ಬೇಡ, ವಾರಕ್ಕೊಂದ್ಸಲ ಕೀಲಿಗೆ ಒಂದೇ ಒಂದು ಹನಿ. ಯಾವ ಎಣ್ಣೆ ಅನ್ನೋದ್ರಲ್ಲಿ ತುಂಬಾ ಜನ ತಪ್ಪು ಮಾಡ್ತಾರೆ, ಮನೇಲಿ ಕೈಗೆ ಸಿಗೋದು ಕೊಬ್ಬರಿ ಎಣ್ಣೆ, ನಾನೂ ಅದನ್ನೇ ಹಾಕಿ ನೋಡಿದೀನಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿ ಆಗತ್ತೆ, ಧನುರ್ಮಾಸದ ಬೆಳಗ್ಗೆ ಬಾಟ್ಲು ತಲೆಕೆಳಗೆ ಹಿಡಿದ್ರೂ ಬೀಳಲ್ಲ ನೋಡಿ, ಕೀಲೊಳಗೂ ಅದೇ ಕಥೆ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಗಟ್ಟಿ ಆಗಲ್ಲ, ಆದ್ರೆ ತಿಂಗಳು ಕಳೆಯೋದ್ರೊಳಗೆ ಜಿಗುಟಾಗತ್ತೆ, ಒಗ್ಗರಣೆ ಡಬ್ಬಿ ಮುಚ್ಚಳದ ಸುತ್ತ ಕೂರೋ ಅಂಟು ನೆನಪು ಮಾಡ್ಕೊಳ್ಳಿ, ಆ ಅಂಟಿಗೆ ಧೂಳು, ಮರಳು ಎಲ್ಲಾ ಹಿಡ್ಕೊಳ್ಳತ್ತೆ. ಮೆಡಿಕಲ್ ಶಾಪಲ್ಲಿ ಲಿಕ್ವಿಡ್ ಪ್ಯಾರಾಫಿನ್ ಅಂತ ಕೇಳಿ, ಬಣ್ಣ ಇಲ್ಲ, ವಾಸನೆ ಇಲ್ಲ, ಜಿಗುಟಾಗಲ್ಲ, ಹಣ್ಣು ಕೊಯ್ಯೋ ಚಾಕುಗೂ ತೊಂದರೆ ಇಲ್ಲ. ಒಂದು ಬಾಟ್ಲು ವರ್ಷಗಟ್ಟಲೆ ಬರತ್ತೆ. ತಿನ್ನೋ ಪದಾರ್ಥ ಮುಟ್ಟಿಸಲ್ಲ ಅಂದ್ರೆ ಹೊಲಿಗೆ ಮಿಷಿನ್ ಎಣ್ಣೆನೂ ಸರಿ. ಹನಿ ಬಿಟ್ಟ ಮೇಲೆ ಹತ್ತು ಸಲ ತೆರೆದು ಮುಚ್ಚಿ, ಹೊರಗೆ ಬಂದಿದ್ದನ್ನ ಒರೆಸಿಬಿಡಿ. ಅಲಗಿನ ಮೇಲೆ ವ್ಯಾಸಲೀನ್ ಇಷ್ಟೇ ಇಷ್ಟು ಸವರಿ, ತೊಡೆ ಉಜ್ಜದೇ ಇರಲಿ ಅಂತ ಓಡೋರ ಮನೇಲಿ ಅದು ಇದ್ದೇ ಇರತ್ತೆ.

ಇಡೋದು ಒಣಗಿದ ಡಬ್ಬೀಲಿ, ಹೊಸ ಶೂ ಡಬ್ಬೀಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಒಂದು ಜೊತೆಗೆ ಹಾಕಿ. ಓಡೋವಾಗ ಬಳಸಿದ ಝಿಪ್‌ಲಾಕಲ್ಲೇ ಬಿಡಬೇಡಿ, ಮೈ ಬಿಸಿಗೆ ಒಳಗಡೆ ಹನಿ ಕಟ್ಟಿರತ್ತೆ, ಅದನ್ನ ಒಳಗು ಹೊರಗು ಮಾಡಿ ಒಣಗಿಸಿ. ಚರ್ಮದ ಪೌಚಲ್ಲೂ ತುಂಬಾ ದಿನ ಇಡಬೇಡಿ, ಚರ್ಮ ಹದ ಮಾಡೋಕೆ ಹಾಕಿರೋ ರಾಸಾಯನಿಕ, ಅದು ಹಿಡಿದಿಟ್ಕೊಳೋ ತೇವ, ಎರಡೂ ಉಕ್ಕಿಗೆ ಆಗಲ್ಲ.

ಆಗ್ಲೇ ತುಕ್ಕು ಬಂದಿದ್ರೆ

ಅಲಗಿನ ಮೇಲೆ ಕಂದು ಚುಕ್ಕಿ ಅಷ್ಟೇ ಇದ್ರೆ ಅಡಿಗೆ ಸೋಡಕ್ಕೆ ನಾಲ್ಕು ಹನಿ ನೀರು ಹಾಕಿ ಗಟ್ಟಿಯಾಗಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಟೂತ್‌ಬ್ರಷಲ್ಲಿ ತಿಕ್ಕಿ. ಹೋಗ್ಲಿಲ್ಲ ಅಂದ್ರೆ ಅಡಿಗೆ ಮನೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ, ಅಲ್ಯೂಮಿನಿಯಂ ಉಕ್ಕಿಗಿಂತ ಮೆದು, ಜಾಸ್ತಿ ಗೀರು ಬೀಳಲ್ಲ. ಪಾತ್ರೆ ತಿಕ್ಕೋ ಕಬ್ಬಿಣದ ನಾರು ಬೇಡ, ಅದ್ರ ಚೂರು ಅಲಗಿನ ಮೇಲೆ ಉಳ್ಕೊಂಡು ಅದೇ ತುಕ್ಕು ಹಿಡಿಯತ್ತೆ. ಹುಣಸೆಹಣ್ಣು, ನಿಂಬೆಹಣ್ಣು ಹುಳಿ ತುಕ್ಕು ಕರಗಿಸತ್ತೆ ನಿಜ, ಹಿತ್ತಾಳೆ ದೀಪ ಬೆಳಗಿದ ಹಾಗೆ ಹೊಳಪೂ ಬರತ್ತೆ, ಆದ್ರೆ ಐದು ನಿಮಿಷಕ್ಕಿಂತ ಬಿಡಬೇಡಿ, ಬಿಟ್ರೆ ಒಳ್ಳೆ ಉಕ್ಕನ್ನೂ ತಿನ್ನತ್ತೆ, ಆಮೇಲೆ ಸೋಡ ನೀರಲ್ಲಿ ಅದ್ದಿ ಚೆನ್ನಾಗಿ ತೊಳೀರಿ. ಕಾರ್ಬನ್ ಉಕ್ಕಿನ ಮೇಲೆ ಬರೋ ಬೂದು, ನೀಲಿಗಪ್ಪು ಬಣ್ಣ ತುಕ್ಕಲ್ಲ, ಅದನ್ನ ಉಜ್ಜಿ ತೆಗೀಬೇಡಿ, ಅದೊಂದು ಕಾವಲಿದ್ದ ಹಾಗೆ. ಬೆರಳಿಗೆ ಕಂದು ಪುಡಿ ಹತ್ತಿದ್ರೆ ಮಾತ್ರ ತುಕ್ಕು.

ನನ್ನದರ ಥರ ಕೀಲೇ ಕಚ್ಕೊಂಡಿದ್ರೆ ಇಕ್ಕಳ ಹಾಕಿ ಎಳೀಬೇಡಿ, ಉಗುರು ಗೀರಿನ ಹತ್ರಾನೇ ಅಲಗು ಮುರಿಯತ್ತೆ, ಇಲ್ಲಾ ಒಮ್ಮೆಲೇ ಬಿಟ್ಕೊಂಡು ಕೈ ಕೊಯ್ಯತ್ತೆ. ಡಬ್ಲ್ಯೂಡಿ-40 ಥರದ ಸ್ಪ್ರೇ ಕೀಲಿಗೆ ಹೊಡೆದು ರಾತ್ರಿ ಪೂರ್ತಿ ಬಿಡಿ. ಬೆಳಗ್ಗೆ ಬಿಸಿನೀರಲ್ಲಿ ಐದು ನಿಮಿಷ ಇಟ್ಟು, ದಪ್ಪ ಬಟ್ಟೆ ಹಿಡಿದು, ಕೂದಲೆಳೆಯಷ್ಟು ತೆರೆದು ಮುಚ್ಚಿ, ಮತ್ತೆ ಸ್ವಲ್ಪ. ಕಂದು ನೀರು ಹೊರಗೆ ಬರ್ತಾ ಇರತ್ತೆ, ಅದು ನಿಲ್ಲೋ ತನಕ ಸ್ಪ್ರೇ, ಬಿಸಿನೀರು, ಬ್ರಷ್ಷು, ಇದನ್ನೇ ಮಾಡ್ತಾ ಹೋಗಿ. ನನ್ನದಕ್ಕೆ ಮೂರು ದಿನ ಹಿಡೀತು. ಆ ಸ್ಪ್ರೇ ತೇವ ಓಡಿಸೋಕೆ ಚೆನ್ನ, ಕೀಲಿಗೆ ಎಣ್ಣೆಯಾಗಿ ಬಹಳ ದಿನ ನಿಲ್ಲಲ್ಲ, ಆಹಾರಕ್ಕೂ ಆಗಲ್ಲ, ಅದಕ್ಕೆ ಕೊನೇಲಿ ಸೋಪಲ್ಲಿ ತೊಳೆದು ಒಣಗಿಸಿ ಪ್ಯಾರಾಫಿನ್ ಹಾಕಿ. ಅಷ್ಟಾದ್ರೂ ಅಲಗು ಕರಕರ ಅಂದ್ರೆ ಒಳಗೆ ಗುಳಿ ಬಿದ್ದಿದೆ ಅಂತ, ಅದನ್ನ ಅಡಿಗೆಮನೆಗೆ ಕೊಟ್ಟು ಓಟಕ್ಕೆ ಬೇರೆ ತಗೊಳ್ಳಿ.

ದಾರೀಲಿ ನಿಮಗೂ ಸೆರಗೋ ದುಪಟ್ಟಾನೋ ಚಕ್ರಕ್ಕೆ ಸಿಕ್ಕಿರೋದು ಕಂಡ್ರೆ ಮೊದಲು ಗಾಡಿ ಆಫ್ ಮಾಡ್ಸಿ, ಚಕ್ರ ಹಿಂದಕ್ಕೆ ತಿರುಗಿಸೋಕೆ ಆಗತ್ತಾ ನೋಡಿ. ಆಗದಿದ್ರೆ ಬಟ್ಟೇನ ಚಕ್ರದ ಹತ್ರಾನೇ, ಅಲಗಿನ ಬಾಯಿ ಅವರ ಮೈಯಿಂದ ಆಚೆ ಇರೋ ಹಾಗೆ ಹಿಡಿದು ಕೊಯ್ಯಿರಿ, ಕತ್ತಿನ ಹತ್ರ ಬೇಡ. ಆ ಹೊತ್ತಲ್ಲಿ ಚಾಕು ಮೊದಲ್ನೇ ಸಲಕ್ಕೇ ತೆರ್ಕೋಬೇಕು. ಹಾಗಾಗಿ ನಾನೀಗ ಶೂ ಲೇಸ್ ಕಟ್ಟಿದ್ಮೇಲೆ, ಬಾಗಿಲು ಹಾಕೋ ಮುಂಚೆ, ಅಲ್ಲೇ ಮೆಟ್ಟಿಲ ಮೇಲೆ ಕೂತು ಅಲಗು ಒಂದ್ಸಲ ಪೂರ್ತಿ ತೆರೆದು ಮುಚ್ತೀನಿ. ಸ್ವಲ್ಪ ಬಿಗಿ ಅನ್ಸಿದ್ರೂ ಅವತ್ತು ಸಂಜೆ ಎಣ್ಣೆ ಬಾಟ್ಲು ಹೊರಗೆ ಬರತ್ತೆ.